ಜ್ವರ ಬಂದರೆ ಬೆಟ್ಟದ ಸುದ್ದಿಯನ್ನೂ ಹೇಳಿ

ಕೇಳುಗರಿಗೆ ನಮಸ್ಕಾರ.

ಕಾರವಾರ, ಶಿರಸಿಯ ಕಾಲೇಜು ಮಕ್ಕಳನ್ನು ಯಾವ ರೋಗಕ್ಕೆ ಹೆದರುತ್ತೀರಿ ಅಂತ ಕೇಳಿ ನೋಡಿ. ಹೆಚ್ಚಿನವರು ಕೊರೊನಾ ಅನ್ನುತ್ತಾರೆ. ಇಲ್ಲವೇ ಆ ವಾರ ಮೊಬೈಲಿನಲ್ಲಿ ಸುತ್ತುತ್ತಿರುವ ಯಾವುದೋ ಹೊಸ ವೈರಸ್ಸಿನ ಹೆಸರು ಹೇಳುತ್ತಾರೆ. ಮಂಗನ ಕಾಯಿಲೆಯ ಸುದ್ದಿ ತೆಗೆದರೆ ಸಿದ್ದಾಪುರ ಕಡೆಯ ಹುಡುಗ, "ಅದು ನಮ್ಮ ಕಡೆ ಪ್ರತಿ ವರ್ಷ ಇದ್ದಿದ್ದೇ ಸರ್" ಅಂದು ಸುಮ್ಮನಾಗುತ್ತಾನೆ. ಚಿಕ್ಕಂದಿನಿಂದ ಕೇಳಿ ಕೇಳಿ ಹೆದರಿಕೆಯೇ ಸವೆದಿದೆ.

ಈ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೊರಗಿನಿಂದ ಓದಲು ಬಂದವರು ಮಂಗ ಕಂಡರೆ ಓಡುತ್ತಾರೆ. ಆದರೆ ರೋಗ ಅಂಟಿಸುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಅದರ ಮರಿ ಎಳ್ಳುಕಾಳಿಗಿಂತ ಸಣ್ಣದು, ಮೈಗೆ ಹತ್ತಿದ್ದೂ ಗೊತ್ತಾಗುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಇದರ ಕಾಟ ಜಾಸ್ತಿ. ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ತರುವುದೂ ಅದೇ ದಿನಗಳಲ್ಲಿ, ಅಲ್ವಾ?

ಶನಿವಾರ ಊರಿಗೆ ಹೋದ ಹುಡುಗ ಅಪ್ಪನ ಜೊತೆ ದರಕು ಹೊರುತ್ತಾನೆ. ಸೋಮವಾರ ಕಾರವಾರದ ಬಸ್ಸು. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು. ಎಲ್ಲಿಗಾದರೂ ಹೋಗಿದ್ಯಾ ಅಂತ ಡಾಕ್ಟರು ಕೇಳಿದರೆ, "ಎಲ್ಲೂ ಇಲ್ಲ, ಮನೆಗೆ ಹೋಗಿದ್ದೆ" ಅನ್ನುತ್ತಾನೆ. ಮನೆ ಹಿಂದಿನ ಬೆಟ್ಟ ಅವನ ಲೆಕ್ಕಕ್ಕೇ ಬರುವುದಿಲ್ಲ. ಸಮುದ್ರದ ದಂಡೆಯಲ್ಲಿ ಕೂತ ಡಾಕ್ಟರಿಗೆ ಆಗ ಡೆಂಗಿ ನೆನಪಾಗುತ್ತದೆ, ಇಲಿಜ್ವರ ನೆನಪಾಗುತ್ತದೆ. ಬೆಟ್ಟದ ಮಾತು ಮೊದಲೇ ಬಾಯಿಗೆ ಬಂದಿದ್ದರೆ ಸರಿಯಾದ ರಕ್ತಪರೀಕ್ಷೆ ಆ ದಿನವೇ ಆಗುತ್ತಿತ್ತು.

ಇನ್ನು ರೂಮಿನ ಗೆಳೆಯರು ಅವನಿಂದ ದೂರ ಮಲಗಬೇಕಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಅಲ್ಲ. ಅವರು ನೋಡಬೇಕಾದ್ದು ಬಚ್ಚಲಿನಲ್ಲಿ ವಾರಗಟ್ಟಲೆ ನೀರು ತುಂಬಿಟ್ಟ ಬಕೆಟ್ಟನ್ನು. ಡೆಂಗಿ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ, ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ರಾತ್ರಿ ಮಾತ್ರ ಕಾಯಿಲ್ ಹಚ್ಚಿದರೆ ಸಾಲದು.

ಮಂಗನ ಕಾಯಿಲೆಯ ಹಳೆಯ ಲಸಿಕೆ ಕೊಡುವುದು ಈಗ ನಿಂತಿದೆ. ಹಾಗಾಗಿ ಬೆಟ್ಟಕ್ಕೆ ಹೋಗುವ ಮುಂಚೆ ಉಣುಗನ್ನು ದೂರ ಇಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುತ್ತಾರೆ. ಸೆಂಟು ಹೊಡೆದುಕೊಳ್ಳದೆ ಕಾಲೇಜಿಗೆ ಹೊರಡದ ನಮ್ಮ ಹುಡುಗರಿಗೆ ಈ ಎಣ್ಣೆ ಅಂದರೆ ಮಾತ್ರ ಬೇಸರ! ಮೈ ತುಂಬ ಬಟ್ಟೆ ಇರಲಿ. ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಜ್ವರ ಬಿಟ್ಟಿತು ಅಂತ ಎದ್ದು ಪರೀಕ್ಷೆಗೆ ಓಡುವವರೂ ಇದ್ದಾರೆ. ಈ ರೋಗ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತದೆ. ಆಗ ತಲೆನೋವು, ಕೈ ನಡುಕ, ಕಣ್ಣು ಮಂಜಾಗುವುದು ಕಂಡರೆ ಹಾಲ್ ಟಿಕೆಟ್ ಪಕ್ಕಕ್ಕಿಟ್ಟು ನೇರ ಆಸ್ಪತ್ರೆಗೆ ಹೋಗಿ.

ನಮಸ್ಕಾರ.