ಸೇವ್ ಮಾಡಿದ ಫೈಲ್ ಎಲ್ಲಿ ಹೋಯಿತು? ಹೊಸದಾಗಿ ಕಂಪ್ಯೂಟರ್ ಕಲಿಯುವವರಿಗೆ

[ಕ್ಯಾಮೆರಾ ಎದುರು]

ನಮಸ್ಕಾರ. ನಮ್ಮ ದೊಡ್ಡಪ್ಪ ಮೇಷ್ಟ್ರಾಗಿ ರಿಟೈರ್ ಆದವರು. ಆಮೇಲೆ ಕಂಪ್ಯೂಟರ್ ಕಲಿಯಲು ಕೂತರು. ಊರಿನ ಕೆರೆ, ತಾವು ಓದಿದ ಶಾಲೆ, ಇವುಗಳ ಬಗ್ಗೆ ಬರೆದಿಡಬೇಕು ಎಂಬುದು ಅವರ ಆಸೆ. ಒಂದು ದಿನ ಮಧ್ಯಾಹ್ನ ಪೂರ್ತಿ ಕೂತು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ವರ್ಡ್ ಎಂಬ ಬರೆಯುವ ಪ್ರೋಗ್ರಾಂನಲ್ಲಿ 4 ಪುಟ ಟೈಪ್ ಮಾಡಿದರು. ಸೇವ್ ಕೂಡ ಮಾಡಿದರು. ಮಾರನೇ ದಿನ ನೋಡಿದರೆ ಫೈಲ್ ಇಲ್ಲ. ನನಗೆ ಫೋನ್ ಮಾಡಿ, "ಎಲ್ಲಾ ಹೋಯ್ತು ಕಣೋ, ಕಂಪ್ಯೂಟರ್ ನುಂಗಿಬಿಡ್ತು" ಎಂದರು. ಆ ದನಿ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

ಫೈಲ್ ಎಲ್ಲೂ ಹೋಗಿರಲಿಲ್ಲ. ಬೇರೆ ಹೆಸರಿನಲ್ಲಿ ಅಲ್ಲೇ ಇತ್ತು. ಅದು ಹೇಗೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಸೇವ್ ಅಂದರೆ ಏನು ಎಂದು ನೋಡೋಣ. ನಾನು ತೋರಿಸುತ್ತಿರುವುದು ವಿಂಡೋಸ್ ಇರುವ ಕಂಪ್ಯೂಟರ್.

[ಸ್ಕ್ರೀನ್: ವರ್ಡ್‌ನ ಖಾಲಿ ಪುಟ]

ನಾವು ಟೈಪ್ ಮಾಡುತ್ತಿರುವಾಗ ಆ ಅಕ್ಷರಗಳೆಲ್ಲ ಇರುವುದು ರ‍್ಯಾಮ್ ಎಂಬ ಜಾಗದಲ್ಲಿ. ಅದೊಂದು ಸ್ಲೇಟು ಇದ್ದ ಹಾಗೆ. ಬೇಗ ಬರೆಯಬಹುದು, ಆದರೆ ಕರೆಂಟ್ ಹೋದರೆ ಎಲ್ಲ ಅಳಿಸಿಹೋಗುತ್ತದೆ. ಸೇವ್ ಒತ್ತಿದಾಗ ಸ್ಲೇಟಿನಲ್ಲಿ ಇದ್ದದ್ದು ನೋಟ್‌ಬುಕ್ಕಿಗೆ ಇಳಿಯುತ್ತದೆ. ಆ ನೋಟ್‌ಬುಕ್ಕೇ ನಿಮ್ಮ ಡಿಸ್ಕ್. ಕಂಪ್ಯೂಟರ್ ಆಫ್ ಮಾಡಿದರೂ ಅದು ಉಳಿಯುತ್ತದೆ.

ಕೀಬೋರ್ಡಿನ ಎಡಗಡೆ ಕೆಳಗೆ ಸಿ, ಟಿ, ಆರ್, ಎಲ್ ಎಂದು ಬರೆದ ಒಂದು ಕೀ ಇದೆ. ಅದೇ ಕಂಟ್ರೋಲ್. ಅದನ್ನು ಒತ್ತಿ ಹಿಡಿದು, ಎಸ್ ಅನ್ನು ಒಮ್ಮೆ ಒತ್ತಿ. ಸೇವ್ ಆಯಿತು. ನಮ್ಮ ಊರುಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲು ಆಗಲ್ಲ, ಅಲ್ವಾ? ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಇರುತ್ತದೆ. ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದು, ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಕಂಪ್ಯೂಟರ್ ನಡೆಸುವ ಯುಪಿಎಸ್ ಇಲ್ಲದಿದ್ದರೆ, ಪ್ರತಿ ಪ್ಯಾರಾ ಮುಗಿದ ಮೇಲೂ ಒಮ್ಮೆ ಕಂಟ್ರೋಲ್ ಎಸ್ ಒತ್ತಿ. ಜಾಸ್ತಿ ಸಲ ಒತ್ತಿದರೆ ಏನೂ ಕೆಡುವುದಿಲ್ಲ.

[ಸ್ಕ್ರೀನ್: ಸೇವ್ ಆ್ಯಸ್ ಪೆಟ್ಟಿಗೆ]

ಮೊದಲ ಸಲ ಸೇವ್ ಮಾಡುವಾಗ ಮಾತ್ರ ಕಂಪ್ಯೂಟರ್ ಎರಡು ವಿಷಯ ಕೇಳುತ್ತದೆ. ಏನು ಹೆಸರು? ಎಲ್ಲಿ ಇಡಲಿ? ಎಲ್ಲ ಗೊಂದಲ ಶುರುವಾಗುವುದು ಇಲ್ಲೇ. ಅವಸರದಲ್ಲಿ ಎರಡನ್ನೂ ಓದದೆ ಎಂಟರ್ ಒತ್ತಿಬಿಡುತ್ತೇವೆ. ಈಗಿನ ವರ್ಡ್‌ನಲ್ಲಿ ಈ ಪೆಟ್ಟಿಗೆ ತುಂಬ ಚಿಕ್ಕದಾಗಿ ಬರುತ್ತದೆ, ಜಾಗ ಯಾವುದು ಎಂದು ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೆ ನಾನು ಹೊಸಬರಿಗೆ ಎಫ್ 12 ಎಂಬ ಕೀ ಒತ್ತಲು ಹೇಳುತ್ತೇನೆ. ಆಗ ದೊಡ್ಡ ಪೆಟ್ಟಿಗೆ ತೆರೆಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಎಂಬ ಕೀ ಹಿಡಿದುಕೊಂಡು ಎಫ್ 12 ಒತ್ತಬೇಕು. ಎಡಗಡೆ ಡಾಕ್ಯುಮೆಂಟ್ಸ್ ಎಂದಿದೆ ನೋಡಿ, ಅದರ ಮೇಲೆ ಕ್ಲಿಕ್ ಮಾಡಿ. ಕೆಳಗೆ ಹೆಸರು ಬರೆಯಿರಿ. ಸೇವ್ ಒತ್ತಿ.

ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಉದ್ದ ಸಾಲು ಇರುತ್ತದೆ. ದಿಸ್ ಪಿಸಿ, ಆಮೇಲೆ ಡಾಕ್ಯುಮೆಂಟ್ಸ್, ಹೀಗೆ. ಅದು ವಿಳಾಸ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಎಂದು ಓದುವ ಹಾಗೆ ಎಡದಿಂದ ಬಲಕ್ಕೆ ಓದಿಕೊಳ್ಳಿ. ಕೊನೆಯಲ್ಲಿ ಇರುವುದೇ ನಿಮ್ಮ ಫೈಲ್ ಕೂರುವ ಊರು.

[ಕ್ಯಾಮೆರಾ ಎದುರು]

ಈಗ ದೊಡ್ಡಪ್ಪನ ಕತೆ. ನಾವು ಹೆಸರು ಕೊಡದೆ ಇದ್ದರೆ ವರ್ಡ್ ತಾನೇ ಒಂದು ಹೆಸರು ಹಾಕಿಕೊಳ್ಳುತ್ತದೆ. ಸಾಮಾನ್ಯವಾಗಿ ಪುಟದ ಮೊದಲ ಸಾಲೇ ಆ ಹೆಸರು. ದೊಡ್ಡಪ್ಪ ಹಳೇ ಕಾಲದವರು. ಏನು ಬರೆದರೂ ಮೇಲೆ ಮಧ್ಯದಲ್ಲಿ "ಶ್ರೀ" ಎಂದು ಬರೆದೇ ಶುರು ಮಾಡುತ್ತಾರೆ. ಹಾಗಾಗಿ ಫೈಲಿನ ಹೆಸರೂ "ಶ್ರೀ". ಅವರು "ಕೆರೆ" ಎಂದು ಹುಡುಕುತ್ತಿದ್ದರು. "ಶ್ರೀ" ಎಂಬ ಫೈಲ್ ಕಣ್ಣೆದುರೇ ಇದ್ದರೂ ಅದು ತಮ್ಮದು ಎಂದು ಅವರಿಗೆ ಹೊಳೆಯಲಿಲ್ಲ. ವರ್ಡ್ ತೆರೆದ ಕೂಡಲೇ ರೀಸೆಂಟ್ ಎಂದು ಒಂದು ಪಟ್ಟಿ ಬರುತ್ತದೆ, ಇತ್ತೀಚೆಗೆ ತೆರೆದ ಫೈಲ್‌ಗಳೆಲ್ಲ ಅದರಲ್ಲಿ ಇರುತ್ತವೆ. ಅಲ್ಲಿ ಮೇಲಿನಿಂದ ಮೊದಲನೆಯದನ್ನು ತೆರೆಯಲು ಹೇಳಿದೆ. ನಾಲ್ಕೂ ಪುಟ ಇತ್ತು.

ಅವರು ಅದೇ ಜಾಗದಲ್ಲಿ ಇನ್ನೊಂದು ಬರಹವನ್ನೂ "ಶ್ರೀ" ಎಂದೇ ಸೇವ್ ಮಾಡಲು ಹೋಗಿದ್ದರೆ ಕಷ್ಟವಾಗುತ್ತಿತ್ತು. ಆ ಹೆಸರಿನ ಫೈಲ್ ಆಗಲೇ ಇದೆ, ಅದರ ಬದಲು ಇದನ್ನು ಇಡಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಓದದೆ ಹೂಂ ಎಂದರೆ ಹಳೆಯದು ಹೋಗುತ್ತದೆ. ದಯವಿಟ್ಟು ಆ ಪ್ರಶ್ನೆ ಬಂದಾಗ ಒಂದು ನಿಮಿಷ ನಿಲ್ಲಿ.

ಹೆಸರನ್ನು ಕನ್ನಡದಲ್ಲೇ ಇಡಬಹುದು, ಏನೂ ತೊಂದರೆ ಇಲ್ಲ. ಒಂದೇ ವಿಷಯ, ತಾರೀಕು ಬರೆಯುವಾಗ ನಾವು ಹಾಕುವ ಓರೆಗೆರೆಯನ್ನು ವಿಂಡೋಸ್ ಒಪ್ಪುವುದಿಲ್ಲ. ಪ್ರಶ್ನೆ ಚಿಹ್ನೆಯನ್ನೂ ಒಪ್ಪುವುದಿಲ್ಲ. ಬದಲಿಗೆ ಅಡ್ಡಗೆರೆ ಹಾಕಿ. ವರ್ಷ ಮೊದಲು, ತಿಂಗಳು ಆಮೇಲೆ ಬರೆಯಿರಿ. "ಕರೆಂಟ್ ಬಿಲ್ 2025-06", "ಕರೆಂಟ್ ಬಿಲ್ 2025-07", ಹೀಗೆ. ಆಗ ಬಿಲ್‌ಗಳು ತಾವಾಗೇ ಸಾಲಾಗಿ ನಿಲ್ಲುತ್ತವೆ.

[ಸ್ಕ್ರೀನ್: ಡೌನ್‌ಲೋಡ್ಸ್ ಫೋಲ್ಡರ್]

ಇನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡಿದ್ದು. ಪಹಣಿ, ಮಗಳ ಹಾಲ್ ಟಿಕೆಟ್, ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಬಂದ ಮದುವೆ ಫೋಟೋ, ನೀವು ಬೇರೆ ಜಾಗ ಹೇಳದಿದ್ದರೆ ಎಲ್ಲವೂ ಡೌನ್‌ಲೋಡ್ಸ್ ಎಂಬ ಒಂದೇ ಕಡೆ ಬೀಳುತ್ತವೆ. ಇಂಟರ್ನೆಟ್ ನೋಡುವ ಕ್ರೋಮ್ ಅಥವಾ ಎಡ್ಜ್ ತೆರೆದಿದ್ದರೆ ಕಂಟ್ರೋಲ್ ಹಿಡಿದು ಜೆ ಒತ್ತಿ, ಪಟ್ಟಿ ಬರುತ್ತದೆ. ಇಲ್ಲದಿದ್ದರೆ, ಕೀಬೋರ್ಡಿನಲ್ಲಿ ಕಿಟಕಿಯ ಚಿತ್ರ ಇರುವ ಕೀ ಹಿಡಿದು ಇ ಒತ್ತಿ. ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಎಡಗಡೆ ಡೌನ್‌ಲೋಡ್ಸ್ ಇದೆ.

ಅಲ್ಲಿ ಒಂದೇ ಪಹಣಿ ಮೂರು ಸಲ ಇರಬಹುದು. ಎರಡನೆಯದರ ಪಕ್ಕ 1, ಮೂರನೆಯದರ ಪಕ್ಕ 2 ಎಂದು ಇರುತ್ತದೆ. ಮೊದಲ ಸಲ ಇಳಿಸಿದ್ದು ಕಾಣಲಿಲ್ಲ ಎಂದು ನೀವು ಮತ್ತೆ ಮತ್ತೆ ಇಳಿಸಿದ್ದೀರಿ ಅಷ್ಟೇ. ಒಂದನ್ನು ಡಾಕ್ಯುಮೆಂಟ್ಸ್‌ಗೆ ಸಾಗಿಸಿ: ಅದರ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಎಕ್ಸ್ ಒತ್ತಿ, ಡಾಕ್ಯುಮೆಂಟ್ಸ್ ತೆರೆದು ಕಂಟ್ರೋಲ್ ವಿ ಒತ್ತಿ. ಹೆಸರು ಬದಲಿಸಬೇಕಾದರೆ ಎಫ್ 2.

[ಸ್ಕ್ರೀನ್: ರಿಸೈಕಲ್ ಬಿನ್]

ಉಳಿದದ್ದನ್ನು ಡಿಲೀಟ್ ಮಾಡಬಹುದು. ಕೈ ನಡುಗುತ್ತಿದೆಯಾ? ಹೆದರಬೇಡಿ. ಕಂಪ್ಯೂಟರಿನಲ್ಲಿ ಡಿಲೀಟ್ ಮಾಡಿದ್ದು ಮೊದಲು ರಿಸೈಕಲ್ ಬಿನ್ ಎಂಬ ಬುಟ್ಟಿಗೆ ಹೋಗುತ್ತದೆ. ತಪ್ಪಾಗಿ ಹಾಕಿದ್ದರೆ ಬುಟ್ಟಿ ತೆರೆದು, ಫೈಲಿನ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ, ರಿಸ್ಟೋರ್ ಎನ್ನಿ. ಎಲ್ಲಿತ್ತೋ ಅಲ್ಲಿಗೇ ವಾಪಸ್ ಹೋಗುತ್ತದೆ. ಆಗಷ್ಟೇ ಡಿಲೀಟ್ ಮಾಡಿದ್ದಾದರೆ ಕಂಟ್ರೋಲ್ ಝಡ್ ಒತ್ತಿದರೂ ಸಾಕು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಮಾತ್ರ ಬುಟ್ಟಿಗೆ ಹೋಗದೆ ನೇರ ಅಳಿಸಿಹೋಗುತ್ತದೆ. ಪೆನ್ ಡ್ರೈವ್‌ನಿಂದ ಡಿಲೀಟ್ ಮಾಡಿದ್ದೂ ಸಾಮಾನ್ಯವಾಗಿ ಬುಟ್ಟಿಗೆ ಬರುವುದಿಲ್ಲ. ಈ ಎರಡು ಕಡೆ ಹುಷಾರು.

[ಸ್ಕ್ರೀನ್: ಪೆನ್ ಡ್ರೈವ್ ಚುಚ್ಚುವುದು]

ದೊಡ್ಡಪ್ಪನ ಬರಹ ಈಗ ಎರಡು ಕಡೆ ಇದೆ. ಕಂಪ್ಯೂಟರಿನಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಇನ್ನೊಂದು. ನೀವೂ ಹಾಗೇ ಮಾಡಿ. ಎಕ್ಸ್ ಬದಲು ಕಂಟ್ರೋಲ್ ಸಿ ಒತ್ತಿ, ಆಗ ಮೂಲ ಅಲ್ಲೇ ಉಳಿದು ನಕಲು ಮಾತ್ರ ಹೋಗುತ್ತದೆ. ಎಡಗಡೆ ಕಾಣುವ ಪೆನ್ ಡ್ರೈವ್ ತೆರೆದು ಕಂಟ್ರೋಲ್ ವಿ. ಸುಮ್ನೆ ಕಿತ್ತುಕೊಳ್ಳಬೇಡಿ. ಅದರ ಹೆಸರಿನ ಮೇಲೆ ಬಲಗಡೆ ಬಟನ್ ಒತ್ತಿ, ಇಜೆಕ್ಟ್ ಎನ್ನಿ. ತೆಗೆಯಬಹುದು ಎಂದು ಕಂಪ್ಯೂಟರ್ ಹೇಳಿದ ಮೇಲೆ ಕೈ ಹಾಕಿ.