ಕೀ ಅಂದರೆ ಕಬ್ಬಿಣ ಅಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ 25 ವರ್ಷದಿಂದ ಕಾರುಗಳ ವೈರಿಂಗ್ ಕೆಲಸ ಮಾಡಿಕೊಂಡು ಬಂದವನು. ಕಾರು ಕಳ್ಳತನದ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು ಹೇಳುವುದು ಒಂದೇ ಮಾತು. ಕಾರಿನ ಕೀ ಅಂದರೆ ಆ ಕಬ್ಬಿಣದ ಕಡ್ಡಿ ಅಲ್ಲ. ಅದರ ತಲೆಯೊಳಗಿರುವ ಚಿಪ್.

ಹಿಂದಿನ ಕಾರುಗಳಿಗೆ ಕಳ್ಳನಿಗೆ ಕೀ ಬೇಕೇ ಇರಲಿಲ್ಲ. ಸ್ಟೇರಿಂಗ್ ಕೆಳಗೆ ಕೈ ಹಾಕಿ, ವೈರ್ ಎಳೆದು, ಒಂದಕ್ಕೊಂದು ತಾಗಿಸಿದರೆ ಗಾಡಿ ಸ್ಟಾರ್ಟ್. ಈಗ ಹಾಗಲ್ಲ. ಕೀ ಹಾಕುವ ತೂತಿನ ಸುತ್ತ ಬಳೆಯ ಥರ ಒಂದು ಕಾಯಿಲ್ ಇರುತ್ತದೆ. ಕೀ ತಿರುಗಿಸಿದ ತಕ್ಷಣ ಅದು ಚಿಪ್ಪನ್ನು ಮಾತಾಡಿಸುತ್ತದೆ. ಉತ್ತರ ಸರಿ ಬಂದರೆ ಮಾತ್ರ ಎಂಜಿನ್ ಓಡುತ್ತದೆ. ಇದಕ್ಕೆ ಇಮ್ಮೊಬಿಲೈಸರ್ ಅನ್ನುತ್ತಾರೆ.

ನಮ್ಮ ಕಡೆಯ ಒಬ್ಬರು ಮೇಷ್ಟ್ರ ಕಥೆ ಹೇಳುತ್ತೇನೆ. ಚಿತ್ರದುರ್ಗದಲ್ಲಿ ತಂಗಿ ಮಗಳ ಮದುವೆ. ಆ ಗದ್ದಲದಲ್ಲಿ ಕಾರಿನ ಕೀ ಕಳೆದುಹೋಯಿತು. ಬಸ್ ಸ್ಟ್ಯಾಂಡ್ ಹತ್ತಿರ ಕೀ ಮಾಡುವವರನ್ನು ಕರೆಸಿ ಹೊಸದು ಮಾಡಿಸಿದರು. ಬಾಗಿಲು ತೆಗೆಯಿತು. ಸೆಲ್ಫ್ ಹೊಡೆಯಿತು. ಎಂಜಿನ್ ಗುರ್ ಅಂತು, ಎರಡೇ ಸೆಕೆಂಡ್, ನಿಂತುಹೋಯಿತು. ಮತ್ತೆ ಹೊಡೆದರೂ ಅಷ್ಟೇ. ಒಬ್ಬರು ಬ್ಯಾಟರಿ ಬದಲಾಯಿಸಿ ಅಂದರು, ಬದಲಾಯಿಸಿದರು. ಇನ್ನೊಬ್ಬರು ಪೆಟ್ರೋಲಿನಲ್ಲಿ ನೀರು ಸೇರಿದೆ ಅಂದರು, ಟ್ಯಾಂಕ್ ಖಾಲಿ ಮಾಡಿಸಿದರು. ಮೂರನೇ ದಿನ ಗಾಡಿಯನ್ನು ಎಳೆಸಿಕೊಂಡು ನನ್ನ ಹತ್ತಿರ ಬಂದರು. ನಾನು ಬಾನೆಟ್ ಎತ್ತಲೇ ಇಲ್ಲ. ಮೀಟರ್ ಬೋರ್ಡ್ ನೋಡಿದೆ. ಕೀ ಗುರುತಿನ ಪುಟ್ಟ ಕೆಂಪು ದೀಪ ಪಟಪಟ ಮಿನುಗುತ್ತಿತ್ತು.

"ಮೇಷ್ಟ್ರೇ, ಕಾರಿನ ಜೊತೆ ಬಂದ ಎರಡನೇ ಕೀ ಎಲ್ಲಿ?" ಅಂದೆ.

"ಬೀರುವಿನಲ್ಲಿದೆ. ಮುರಿದುಹೋಗಿದೆಯಪ್ಪಾ, ಅದು ಕೆಲಸಕ್ಕೆ ಬರಲ್ಲ," ಅಂದರು.

ತರಿಸಿದೆವು. ಕಡ್ಡಿ ಮುರಿದಿತ್ತು, ತಲೆ ಮಾತ್ರ ಉಳಿದಿತ್ತು. ಹೊಸ ಕೀ ಹಾಕಿ, ಆ ಮುರುಕು ತಲೆಯನ್ನು ಅದಕ್ಕೆ ಒತ್ತಿ ಹಿಡಿದು ತಿರುಗಿಸಿದೆ. ಎಂಜಿನ್ ಹೊತ್ತಿಕೊಂಡಿತು, ನಿಲ್ಲಲಿಲ್ಲ. ಮೇಷ್ಟ್ರು ಆ ಮುರುಕು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದರು. ಮಾಲೀಕರಿಗೇ ಮೂರು ದಿನ ಓಡಿಸಲು ಬಿಡದ ಕಾರು ಕಳ್ಳನಿಗೆ ಬಿಡುತ್ತದೆಯಾ, ನೀವೇ ಹೇಳಿ.

ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಈ ಇಮ್ಮೊಬಿಲೈಸರ್ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ 2001ರಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರ ದಶಕದ ಶುರುವಿನಲ್ಲಿ ವರ್ಷಕ್ಕೆ 5 ಲಕ್ಷಕ್ಕಿಂತ ಜಾಸ್ತಿ ವಾಹನ ಕಳುವಾಗುತ್ತಿದ್ದವು. 20 ವರ್ಷದಲ್ಲಿ ಅದು 1 ಲಕ್ಷಕ್ಕಿಂತ ಕೆಳಗಿಳಿಯಿತು. ಅಮೆರಿಕದಲ್ಲಿ ಕಾನೂನಿನ ಕಡ್ಡಾಯ ಇರಲಿಲ್ಲ. ಅಲ್ಲಿ ಮಾರಿದ 2015ರ ಮಾದರಿಗಳಲ್ಲಿ ಬೇರೆ ಕಂಪನಿಗಳ 96%ಕ್ಕೆ ಇಮ್ಮೊಬಿಲೈಸರ್ ಇತ್ತು, ಹುಂಡೈ ಮತ್ತು ಕಿಯಾಗಳಿಗೆ ಬರೀ 26%. 2021ರ ಹೊತ್ತಿಗೆ ಮಿಲ್ವಾಕೀ ಊರಿನ ಹುಡುಗರು ಮೊಬೈಲ್ ಚಾರ್ಜ್ ಮಾಡುವ ವೈರಿನ ತುದಿಯನ್ನೇ ಕೀ ಮಾಡಿಕೊಂಡು ಆ ಕಾರುಗಳನ್ನು ಹೊಡೆದುಕೊಂಡು ಹೋದರು. ಕೆಲವು ಸಾವಿರ ರೂಪಾಯಿ ಬೆಲೆಯ ಭಾಗ ಉಳಿಸಲು ಹೋಗಿ ಜನರ ಗಾಡಿ ಕಳೆದರಲ್ಲಾ ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಈಗ ಕಳ್ಳ ಬೀಗದ ತಂಟೆಗೆ ಹೋಗುವುದಿಲ್ಲ, ಚಿಪ್ಪಿನ ಹಿಂದೆ ಬೀಳುತ್ತಾನೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಇಬ್ಬರು ಬರುತ್ತಾರೆ. ಒಬ್ಬ ನಿಮ್ಮ ಮನೆ ಬಾಗಿಲ ಹತ್ತಿರ ಯಂತ್ರ ಹಿಡಿದು ಒಳಗಿರುವ ಕೀಯ ಸಿಗ್ನಲ್ ಹಿಡಿಯುತ್ತಾನೆ, ಇನ್ನೊಬ್ಬ ಕಾರಿನ ಪಕ್ಕ ನಿಂತು ಅದನ್ನು ಕಾರಿಗೆ ಮುಟ್ಟಿಸುತ್ತಾನೆ. ಆದ್ದರಿಂದ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಆ ಡಬ್ಬಿ ಹಿಡಿದುಕೊಂಡೇ ಕಾರಿನ ಹತ್ತಿರ ಹೋಗಿ ಬಾಗಿಲು ಎಳೆದು ನೋಡಿ. ತೆಗೆದರೆ ಡಬ್ಬಿ ಬದಲಾಯಿಸಿ.

ಇನ್ನೊಂದು. ಗಾಡಿ ಕಳುವಾದರೆ ವಿಮೆಯವರು ಎರಡೂ ಕೀ ಕೇಳುತ್ತಾರೆ. ಮುರಿದಿದ್ದರೂ ಎಸೆಯಬೇಡಿ. ನಿಮ್ಮ ಎರಡನೇ ಕೀ ಎಲ್ಲಿದೆ ಅಂತ ಇವತ್ತೇ ಬೀರು ತೆಗೆದು ನೋಡಿ. ನಮಸ್ಕಾರ.