ಮಾಡೆಲ್‌ನಲ್ಲಿ ಇರುವ ಅಳತೆ, ಮಾಡೆಲ್‌ಗೆ ಕೊಡುವ ಅಳತೆ

ಮಾನ್ಯ ಅಧ್ಯಕ್ಷರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

ಬೆಳಗಿನ ಗೋಷ್ಠಿಯಲ್ಲಿ ಒಂದು ಮಾತು ಬಂತು: ಕಂಪ್ಯೂಟರ್‌ನಲ್ಲಿ ಕಟ್ಟಿದ ಮೂರು ಆಯಾಮದ ಮಾಡೆಲ್ ಕೈಯಲ್ಲಿದ್ದ ಮೇಲೆ ಅದಕ್ಕೆ ಬೇರೆಯಾಗಿ ಡೈಮೆನ್ಷನ್, ಅಂದರೆ ಅಳತೆಯ ಸೂಚನೆ, ಹಾಕುವ ಅಗತ್ಯವಿಲ್ಲ, ಬೇಕಾದವರು ಮೌಸ್ ಇಟ್ಟು ಅಳೆದುಕೊಳ್ಳಲಿ ಎಂದು. ಹಲವರು ಹೌದೆಂಬಂತೆ ತಲೆಯಾಡಿಸಿದ್ದನ್ನೂ ನೋಡಿದೆ. ಬರೆದುಕೊಂಡು ಬಂದಿದ್ದರಲ್ಲಿ ಅರ್ಧವನ್ನು ಬಿಟ್ಟು ಈ ಮಾತಿಗೇ ಉತ್ತರ ಹೇಳೋಣವೆಂದು ಆಗಲೇ ತೀರ್ಮಾನಿಸಿದೆ. ಮಾಡೆಲ್‌ನಲ್ಲಿ ಇರುವ ಅಳತೆಯೇ ಬೇರೆ, ಮಾಡೆಲ್‌ಗೆ ನಾವು ಕೊಡುವ ಅಳತೆಯೇ ಬೇರೆ ಎಂಬುದು ನನ್ನ ವಾದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಬ್ರ್ಯಾಕೆಟ್ ಮಾಡಿದ್ದೆ. ಉದ್ದನೆಯ ಒಂದು ತಗಡು, ಅದರಲ್ಲಿ 8.2 ಮಿಲಿಮೀಟರ್ ವ್ಯಾಸದ ಎರಡು ರಂಧ್ರಗಳು, ಅವುಗಳೊಳಗೆ ಹೋಗಬೇಕಾದ 8 ಮಿಲಿಮೀಟರ್‌ನ ಎರಡು ಪಿನ್ನುಗಳು. ಪಿನ್ನುಗಳ ನಡುವಿನ ಅಂತರ 60. ಮಾಡೆಲ್‌ಗೆ ಆಧಾರವಾದ ಚಪ್ಪಟೆ ರೇಖಾಚಿತ್ರವನ್ನು, ಅಂದರೆ ಸ್ಕೆಚ್ ಅನ್ನು, ಬರೆಯುವಾಗ ಎಡ ಅಂಚಿನಿಂದ ಮೊದಲ ರಂಧ್ರಕ್ಕೆ 20, ಅದೇ ಅಂಚಿನಿಂದ ಎರಡನೆಯದಕ್ಕೆ 80 ಎಂದು ಕೊಟ್ಟಿದ್ದೆ, ಏಕೆಂದರೆ ಹಾಗೆ ಬರೆಯುವುದು ಸುಲಭವಾಗಿತ್ತು. ಡೈಮೆನ್ಷನ್ ಹಾಕುವಾಗಲೂ ಆ ಎರಡನ್ನೇ ಎತ್ತಿ ತೋರಿಸಿ, ಎರಡಕ್ಕೂ ಕೂಡಿಸು ಕಳೆ 0.2 ಟಾಲರೆನ್ಸ್ (ಅಳತೆ ತಪ್ಪಬಹುದಾದ ಮಿತಿ) ಕೊಟ್ಟು, ಅಂದವಾಗಿ ಬಂದಿದೆ ಎಂದು ನಾನೇ ಮೆಚ್ಚಿಕೊಂಡು ಕಳಿಸಿಬಿಟ್ಟೆ.

ಒಂದು ವಾರದ ಬಳಿಕ ಮಷೀನ್ ಶಾಪ್‌ನ ಹಿರಿಯ ಮೇಸ್ತ್ರಿಯೊಬ್ಬರು ಆ ತುಂಡನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಇನ್‌ಸ್ಪೆಕ್ಷನ್ ವರದಿಯನ್ನು ಹರಡಿದರು. ಮೊದಲ ರಂಧ್ರ 19.82ರಲ್ಲಿ, ಎರಡನೆಯದು 80.18ರಲ್ಲಿ, ಎರಡರ ಎದುರಿಗೂ ಸರಿ ಎಂಬ ಗುರುತಿತ್ತು. ಆದರೆ ಪಿನ್ನುಗಳು ಒಟ್ಟಿಗೆ ಒಳಗೆ ಇಳಿಯುತ್ತಿರಲಿಲ್ಲ. ನಾನು ತುಂಡನ್ನು ತಿರುಗಿಸಿದೆ, ಮಗುಚಿದೆ, ಕೊನೆಗೆ ರಂಧ್ರದಿಂದ ರಂಧ್ರಕ್ಕೆ ಎಷ್ಟಿದೆ ಎಂದು ಕಳೆದು ನೋಡಿದೆ: 60.36. ಅಲ್ಲಿದ್ದ ಸಡಿಲ ಎರಡೂ ಪಿನ್ನು ಸೇರಿ 0.2 ಮಾತ್ರ. "ನೀವು ಕೇಳಿದ್ದನ್ನೇ ಮಾಡಿಕೊಟ್ಟಿದ್ದೇವೆ ಸಾರ್, ನಿಮಗೆ ಬೇಕಾದದ್ದನ್ನು ನೀವು ಕೇಳಲೇ ಇಲ್ಲ" ಎಂದು ಹೇಳಿ ಅವರು ಹೊರಟುಹೋದರು. ಬೈದಿದ್ದರೆ ಇಷ್ಟು ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಈಗ ಬೆಳಗಿನ ಮಾತಿಗೆ ಬರುತ್ತೇನೆ. ಅಂದು ನನ್ನ ಮಾಡೆಲ್‌ನಲ್ಲಿ ಯಾರು ಮೌಸ್ ಇಟ್ಟು ಅಳೆದಿದ್ದರೂ ರಂಧ್ರಗಳ ನಡುವೆ 60.000 ಎಂದೇ ತೋರಿಸುತ್ತಿತ್ತು, ಅಂಚಿನಿಂದ ಅಳೆದರೂ 20.000 ಎಂದೇ ತೋರಿಸುತ್ತಿತ್ತು. ಮಾಡೆಲ್‌ಗೆ ಎಲ್ಲ ಅಳತೆಗಳೂ ಒಂದೇ. ಯಾವುದು ಪಿನ್ನನ್ನು ಹಿಡಿಯುವ ಅಳತೆ, ಯಾವುದು ಅಂಚನ್ನು ನೋಡಲು ಚೆನ್ನಾಗಿಡುವ ಅಳತೆ ಎಂಬ ಭೇದ ಅದಕ್ಕೆ ತಿಳಿಯದು. ಯಂತ್ರದಲ್ಲಿ ತಯಾರಾಗುವ ಯಾವ ತುಂಡೂ ಸರಿಯಾಗಿ 60.000 ಬರುವುದಿಲ್ಲವಾದ್ದರಿಂದ, ಎಷ್ಟು ತಪ್ಪಬಹುದು, ಎಲ್ಲಿಂದ ಲೆಕ್ಕ ಹಿಡಿಯಬೇಕು ಎಂಬ ಎರಡು ಸಂಗತಿಗಳನ್ನು ವಿನ್ಯಾಸಕಾರನೇ ಹೇಳಬೇಕು. ಮೊದಲನೆಯದು ಟಾಲರೆನ್ಸ್, ಎರಡನೆಯದು ಡೇಟಮ್. ಎಷ್ಟು ಅಳೆದರೂ ಇವೆರಡು ಮಾಡೆಲ್‌ನಿಂದ ಹೊರಬರುವುದಿಲ್ಲ.

ಸ್ಕೆಚ್‌ನ ಅಳತೆಗಳನ್ನೇ ಎಳೆದು ತೋರಿಸಿದರೆ ಸಾಲದೇ ಎಂದು ಕೇಳಬಹುದು. ಆಕೃತಿಯ ಭಾಗಗಳ ನಡುವೆ ನಿರ್ಬಂಧಗಳನ್ನು ಹಾಕಿ ಚಿತ್ರವನ್ನು ನಿಯಂತ್ರಿಸುವ ವಿಚಾರವನ್ನು ಕಂಪ್ಯೂಟರ್ ವಿಜ್ಞಾನಿ ಐವಾನ್ ಸದರ್‌ಲ್ಯಾಂಡ್ 1963ರ ಸ್ಕೆಚ್‌ಪ್ಯಾಡ್ ಎಂಬ ಚಿತ್ರರಚನೆಯ ಪ್ರೋಗ್ರಾಂನಲ್ಲೇ ಮಾಡಿ ತೋರಿಸಿದ್ದರು. ಸಂಖ್ಯೆ ಬದಲಿಸಿದರೆ ಘನಾಕೃತಿಯೇ ಬದಲಾಗುವ ಪದ್ಧತಿ ಪ್ರೊ/ಎಂಜಿನಿಯರ್ ಎಂಬ ತಂತ್ರಾಂಶದೊಂದಿಗೆ 1980ರ ದಶಕದ ಕೊನೆಯಲ್ಲಿ ಉದ್ಯಮಕ್ಕೆ ಬಂತು. ಸ್ಕೆಚ್‌ನ ಆ ಅಳತೆಗಳು ಆಕಾರವನ್ನು ನಡೆಸುವುದಕ್ಕಾಗಿ ಇರುವಂಥವು, ಅಂದರೆ ಮಾಡೆಲ್ ಕಟ್ಟುವವನ ಅನುಕೂಲಕ್ಕಾಗಿ ಇರುವಂಥವು. ಮನೆ ಕಟ್ಟುವಾಗ ನಿಲ್ಲಿಸಿದ ಸಾರುವೆಯನ್ನು ಬಿಚ್ಚದೆ ಗೃಹಪ್ರವೇಶ ಮಾಡಿದಂತೆ ನಾನು ಅವನ್ನೇ ಶಾಪ್‌ಗೆ ಕಳಿಸಿದ್ದೆ.

ಇನ್ನು ಹಾಕುವ ಕ್ರಮ. ಹೊಸಬರು ಮೊದಲು ಎಡವುವುದು ಸಮತಲದ ವಿಷಯದಲ್ಲಿ. ಆಟೋಕ್ಯಾಡ್ ತಂತ್ರಾಂಶದಲ್ಲಿ ಡೈಮೆನ್ಷನ್ ಸಾಮಾನ್ಯವಾಗಿ ಆಗ ಚಾಲ್ತಿಯಲ್ಲಿರುವ ಯುಸಿಎಸ್‌ನ (ಬಳಸುವವರು ತಾವೇ ತಿರುಗಿಸಿಕೊಳ್ಳಬಲ್ಲ ಅಕ್ಷಗಳ ವ್ಯವಸ್ಥೆಯ) ಎಕ್ಸ್-ವೈ ಸಮತಲಕ್ಕೆ ಹೊಂದಿಕೊಂಡು ಕೂರುತ್ತದೆ. ಯುಸಿಎಸ್ ಅನ್ನು ಬೇಕಾದ ಮುಖಕ್ಕೆ ತಿರುಗಿಸದೆ ಎತ್ತರ ಕೊಡಲು ಹೋದವರಿಗೆ ಸಿಗುವುದು ಎತ್ತರವಲ್ಲ, ನೆಲದ ಮೇಲೆ ಮಲಗಿದ ಅದರ ನೆರಳು. ಮೂರು ಬದಿಗಳೂ ಸಮವಾಗಿ ಕಾಣುವ ಐಸೊಮೆಟ್ರಿಕ್ ನೋಟವನ್ನು ಚಪ್ಪಟೆ ಚಿತ್ರವಾಗಿ ಇಳಿಸಿಕೊಂಡು ಅದರ ಮೇಲೆ ಅಳತೆ ಹಾಕಿದರೆ 100 ಮಿಲಿಮೀಟರ್‌ನ ಅಂಚು 81.65 ಎಂದು ತೋರಿಸುತ್ತದೆ, ಏಕೆಂದರೆ ಆ ಪ್ರಕ್ಷೇಪದಲ್ಲಿ ಮೂರು ಅಕ್ಷಗಳೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತವೆ. ಆಗ ಕೆಲವರು 81.65 ಅನ್ನು ಅಳಿಸಿ ಕೈಯಿಂದ 100 ಎಂದು ಟೈಪ್ ಮಾಡುತ್ತಾರೆ! ಆ ಗಳಿಗೆಯಿಂದ ಆ ಸಂಖ್ಯೆಗೂ ಆ ಅಂಚಿಗೂ ಸಂಬಂಧ ಕಡಿಯಿತು. ನಾಳೆ ಅಂಚು 110 ಆದರೂ ಅದು 100 ಎಂದೇ ಹೇಳುತ್ತಿರುತ್ತದೆ.

ಇದೇ ಭೇದ ದೊಡ್ಡ ಮಟ್ಟದಲ್ಲೂ ಇದೆ. ಮಾಡೆಲ್‌ಗೆ ಅಳತೆ ಮತ್ತು ಟಾಲರೆನ್ಸ್ ಅಂಟಿಸುವ ರೀತಿಗೆಂದೇ 2003ರಲ್ಲಿ ಅಮೆರಿಕದ ಎಎಸ್‌ಎಂಇ ವೈ14.41, 2006ರಲ್ಲಿ ಅಂತರರಾಷ್ಟ್ರೀಯ ಐಎಸ್‌ಒ 16792 ಮಾನಕಗಳು ಬಂದವು. ಈ ಮಾಹಿತಿಗೆ ಪಿಎಂಐ (ಪ್ರಾಡಕ್ಟ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಇನ್ಫರ್ಮೇಷನ್) ಎಂದು ಹೆಸರು. ಪಿಎಂಐ ಎರಡು ಬಗೆ. ಒಂದು ಕಣ್ಣಿಗೆ ಕಾಣುವ ಬರಿಯ ಗೆರೆ ಮತ್ತು ಅಕ್ಷರ. ಇನ್ನೊಂದು ನಿರ್ದಿಷ್ಟ ಮುಖಕ್ಕೆ, ನಿರ್ದಿಷ್ಟ ರಂಧ್ರಕ್ಕೆ ಕಟ್ಟಿಕೊಂಡಿದ್ದು, ತಯಾರಾದ ತುಂಡನ್ನು ಅಳೆಯುವ ಸಿಎಂಎಂ ಯಂತ್ರದ ತಂತ್ರಾಂಶವೂ ಓದಬಲ್ಲದ್ದು. ಪರೀಕ್ಷೆ ಸುಲಭ: ಡೈಮೆನ್ಷನ್ ಮೇಲೆ ಕ್ಲಿಕ್ ಮಾಡಿ, ಅದು ಹೇಳುತ್ತಿರುವ ಮುಖ ಬೆಳಗದಿದ್ದರೆ ಅದು ಚಿತ್ರವೆಂದು ಅನುಮಾನಿಸಿ. ಮುಂದಿನವರಿಗೆ ಕಳಿಸುವಾಗ ಸ್ಟೆಪ್ ಎಪಿ242 ಎಂಬ ಫೈಲ್ ಸ್ವರೂಪ ಇದನ್ನು ಹೊತ್ತೊಯ್ಯಬಲ್ಲದು. 3ಡಿ ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ಫೈಲ್‌ಗೆ ಅದು ಸಾಧ್ಯವಿಲ್ಲ; ಅಳತೆಗಳ ಮಾತಿರಲಿ, ಅದು ಮಿಲಿಮೀಟರೋ ಇಂಚೋ ಎಂಬುದನ್ನೂ ಹೇಳುವುದಿಲ್ಲ. ನಿಮ್ಮ ತುಂಡು ಎಂದಾದರೂ 25.4 ಪಟ್ಟು ಹಿಗ್ಗಿಯೋ ಕುಗ್ಗಿಯೋ ಬಂದಿದ್ದರೆ ಕಾರಣ ಗೊತ್ತಾಯಿತಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸ್ಥಾನದ ಟಾಲರೆನ್ಸ್ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿತ್ತು, ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಎರಡು ದಿಕ್ಕಿನಲ್ಲೂ ಕೂಡಿಸು ಕಳೆ 0.1 ಎಂದರೆ ರಂಧ್ರದ ಕೇಂದ್ರಕ್ಕೆ ಸಿಗುವುದು ಚೌಕಾಕಾರದ ಜಾಗ. ಚೌಕದ ಮೂಲೆಯಲ್ಲಿರುವ ಕೇಂದ್ರವೂ ನಡೆಯುತ್ತದೆ ಎಂದಾದರೆ ಆ ಮೂಲೆಗಳನ್ನು ಮುಟ್ಟುವ ವೃತ್ತವನ್ನೇ ಕೊಡಬಹುದು, ಆಗ ಜಾಗ ಸುಮಾರು ಶೇ. 57ರಷ್ಟು ಹೆಚ್ಚುತ್ತದೆ. ಸ್ಕಾಟ್ಲೆಂಡ್‌ನ ಟಾರ್ಪಿಡೊ ಕಾರ್ಖಾನೆಯಲ್ಲಿದ್ದ ಸ್ಟ್ಯಾನ್ಲಿ ಪಾರ್ಕರ್ ಅವರಿಗೆ ಈ ವಿಚಾರದ ಶ್ರೇಯ ಸಲ್ಲುತ್ತದೆ. ಮೇಲ್ಮೈ ಗುಣಮಟ್ಟ, ಸ್ಕ್ರೂ ಎಳೆಗಳ ಸೂಚನೆ ಇವೆಲ್ಲ ಮಧ್ಯಾಹ್ನದ ಅಭ್ಯಾಸದ ಹೊತ್ತಿಗೆ ಇರಲಿ.

ಪರದೆಯ ಮೇಲೆ ಅದೇ ಬ್ರ್ಯಾಕೆಟ್ ಇದೆ, ಒಂದು ಡೈಮೆನ್ಷನ್ ಕೂಡ ಇಲ್ಲದೆ. ಪಿನ್ನುಗಳು ಎಲ್ಲಿ ಕೂರಬೇಕೆಂಬುದು ಈಗ ನಿಮಗೆ ಗೊತ್ತಿದೆ. ಮೊದಲ ಅಳತೆಯನ್ನು ಎಲ್ಲಿಂದ ಎಲ್ಲಿಗೆ ಹಾಕುತ್ತೀರಿ? ಹಿಂದಿನ ಸಾಲಿನವರು ಮೊದಲು ಹೇಳಿ.